ಮನೆಯಲ್ಲಿ ಪ್ರಶ್ನೆಯೊಂದನ್ನು ಬಿಟ್ಟುಹೋದ ಪಾತ್ರಗಳು

(ಕುಂದಾಪುರ, ಬೈಂದೂರು, ಬ್ರಹ್ಮಾವರದ ಕುಟುಂಬಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಟಿ.ವಿ. ಮನೆಯಲ್ಲಿರಬೇಕೇ, ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಬಹಳ ಕಾಲ ನಡೆಯಿತು. ಈಗ ಅದು ಮೊಬೈಲಿನ ರೂಪದಲ್ಲಿ ಮಕ್ಕಳ ಅಂಗೈಯನ್ನೇ ಸೇರಿದೆ. ಆದ್ದರಿಂದ ಧಾರಾವಾಹಿಗಳ ಯಾವ ಪಾತ್ರಗಳು ನಮ್ಮ ಮನಸ್ಸಿನಲ್ಲಿ ಉಳಿದವು, ಏಕೆ ಉಳಿದವು ಎಂದು ಕೇಳಿಕೊಳ್ಳುವುದೇ ಹೆಚ್ಚು ಪ್ರಯೋಜನಕಾರಿ.

ಬ್ರಹ್ಮಾವರದಿಂದ ಹೆಬ್ರಿ ದಾಟಿ ಘಾಟಿ ಹತ್ತಿದರೆ ಆಗುಂಬೆ. ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಆಧರಿಸಿ ಶಂಕರ್‌ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದು ಅಲ್ಲಿ. ಮಾಸ್ಟರ್ ಮಂಜುನಾಥ್ ಅಭಿನಯಿಸಿದ ಸ್ವಾಮಿ ಧೀರ ಬಾಲಕನೇನಲ್ಲ. ತಂದೆಯ ಒತ್ತಾಯಕ್ಕೆ ಕಚೇರಿ ಕೋಣೆಯ ಕತ್ತಲೆಯಲ್ಲಿ ಮಲಗಿ, ಭಯದಿಂದಲೇ ಕಳ್ಳನ ಕಾಲು ಕಚ್ಚಿ, ಊರ ಕಣ್ಣಿಗೆ ವೀರನಾದವನು. ಅವನ ಭಯದಲ್ಲಿ ನಮ್ಮ ಮಕ್ಕಳು ತಮ್ಮ ಭಯವನ್ನು ಗುರುತಿಸಿದರು.

ಅದೇ ಸರಣಿಯ ಅಂಚೆಯವ ತಾನಪ್ಪ ಇನ್ನಷ್ಟು ಗಹನವಾದ ಪಾತ್ರ. ಮದುವೆಯ ಮನೆಗೆ ಬಂದ ಸಾವಿನ ಸುದ್ದಿಯನ್ನು, ಮದುವೆ ನಿಂತುಹೋದೀತೆಂದು ಅವನು ಬಚ್ಚಿಡುತ್ತಾನೆ. ಬಳಿಕ ತಾನೇ ಬಂದು ಒಪ್ಪಿಕೊಳ್ಳುತ್ತಾನೆ. ಅವನು ಮಾಡಿದ್ದು ಉಪಕಾರವೋ, ಅಮಾನತ್ತಿಗೆ ಬಗೆದ ದ್ರೋಹವೋ? ಒಳ್ಳೆಯ ಉದ್ದೇಶವು ತಪ್ಪನ್ನು ಸರಿ ಮಾಡಬಲ್ಲುದೇ? ಟಿ.ವಿ. ಆರಿಸಿದ ಮೇಲೂ ಊಟದ ಹೊತ್ತಿನಲ್ಲಿ ತಂದೆ-ತಾಯಿ-ಮಕ್ಕಳು ಚರ್ಚಿಸಬಹುದಾದ ಪ್ರಶ್ನೆಯಿದು. ಟಿ.ಎನ್. ಸೀತಾರಾಮ್ ಅವರ 'ಮುಕ್ತ'ದ ವಕೀಲ ಸಿ.ಎಸ್.ಪಿ. ನೆನಪಿನಲ್ಲಿ ಉಳಿದದ್ದೂ ಇದೇ ಕಾರಣಕ್ಕೆ. ನ್ಯಾಯಾಲಯದ ವಾದವನ್ನು ಅವರು ಕನ್ನಡಿಗರ ನಡುಮನೆಗೆ ತಂದರು.

ಇದಕ್ಕೆ ವ್ಯತಿರಿಕ್ತವಾಗಿ, ನೂರಾರು ಕಂತುಗಳ ಕಾಲ ವಿಷ ಬೆರೆಸುವ ಅತ್ತೆಯಾಗಲಿ, ಕಣ್ಣೀರಿಡುವುದೇ ಸದ್ಗುಣವೆಂದು ಸಾರುವ ಸೊಸೆಯಾಗಲಿ ನಮ್ಮಲ್ಲಿ ಯಾವ ಪ್ರಶ್ನೆಯನ್ನು ಮೂಡಿಸುತ್ತಾರೆ? ಸಂಶಯವನ್ನು ಮಾತ್ರ ಬಿತ್ತುತ್ತಾರೆ. ಆ ಸಂಶಯದ ಫಸಲನ್ನು ಕೊಯ್ಯಬೇಕಾದವರು ನಮ್ಮ ಮನೆಯ ಅತ್ತೆ-ಸೊಸೆಯರೇ.

ಇನ್ನೊಂದು ವಿಷಯವನ್ನೂ ನಾವು ಗಮನಿಸಬೇಕಾಗಿದೆ. 1986ರಲ್ಲಿ ಆರಂಭವಾದ 'ನುಕ್ಕಡ್' ಎಂಬ ಹಿಂದಿ ಧಾರಾವಾಹಿಯಲ್ಲಿ ಖಾದರ್ ಭಾಯಿ ಎಂಬ ಹೋಟೆಲಿನವನಿದ್ದ. ಕುಂದನ್ ಶಾ ಮತ್ತು ಸಯೀದ್ ಅಖ್ತರ್ ಮಿರ್ಜಾ ನಿರ್ದೇಶಿಸಿದ ಆ ಬೀದಿಯಲ್ಲಿ ಇಲೆಕ್ಟ್ರಿಶಿಯನ್ ಗುರು, ಸೈಕಲ್ ರಿಪೇರಿಯ ಹರಿ, ಕುಡುಕ ಖೋಪ್ಡಿ ಎಲ್ಲರೂ ಇದ್ದರು. ಖಾದರ್ ಭಾಯಿ ಭಯೋತ್ಪಾದಕನೂ ಅಲ್ಲ, ಮಹಾತ್ಮನೂ ಅಲ್ಲ. ದುಡಿದು ತಿನ್ನುವ ನೆರೆಯವ. ಆದರೆ ಅನಂತರದ ಪರದೆಯಲ್ಲಿ ಮುಸ್ಲಿಮನೆಂದರೆ ಹೆಚ್ಚಾಗಿ ಒಂದೋ ಬಾಂಬು, ಇಲ್ಲವೇ ನಾಯಕನಿಗಾಗಿ ಪ್ರಾಣ ಕೊಡುವ ಗೆಳೆಯ. ನೆರೆಯವನ ಸ್ಥಾನ ಮಾತ್ರ ಖಾಲಿಯಾಯಿತು. ನೆರೆಯವನನ್ನೇ ಕಾಣದ ವೀಕ್ಷಕನು ಸುಳ್ಳುಸುದ್ದಿಯನ್ನು ಬೇಗನೆ ನಂಬುತ್ತಾನೆ.

ಗಂಗೊಳ್ಳಿ ಬಂದರಿನಲ್ಲಿ ಮೀನಿಗೆ ದರ ಕೂಗುವವನು, ಗಲ್ಫಿನಲ್ಲಿರುವ ಗಂಡನ ಫೋನಿಗಾಗಿ ಕಾಯುತ್ತಾ ಮಕ್ಕಳ ಫೀಸು ಹೊಂದಿಸುವ ಶಿರೂರಿನ ತಾಯಿ, ಬ್ರಹ್ಮಾವರದಲ್ಲಿ ಬಸ್ಸಿಗೆ ಓಡುವ ಕಾಲೇಜು ವಿದ್ಯಾರ್ಥಿನಿ: ಇವರೂ ಪಾತ್ರಗಳಾಗಲು ಅರ್ಹರು. ಇವರನ್ನು ಬಲ್ಲವರೇ ಬರೆಯಬೇಕು. ಮಕ್ಕಳು ಇಂಜಿನಿಯರ್, ಡಾಕ್ಟರ್ ಆಗಲಿ, ಸಂತೋಷ. ಆದರೆ ಕತೆ ಬರೆಯುತ್ತೇನೆ, ನಾಟಕ ಕಲಿಯುತ್ತೇನೆ ಎನ್ನುವ ಮಗಳನ್ನೂ ಮಗನನ್ನೂ ನಾವು ಗದರಿಸಿ ಕೂರಿಸದಿರೋಣ. ಅವರ ತಪ್ಪುಗಳನ್ನೂ ಒಳಿತನ್ನೂ ಒಟ್ಟಿಗೆ ಕಾಣಿಸುವಂತಹ ಮನುಷ್ಯರನ್ನು ಅವರು ಸೃಷ್ಟಿಸಲಿ.