ಮ್ಯಾಕ್‌ನಲ್ಲಿ ವಿಂಡೋಸ್ ಗೇಮ್: ಒಬ್ಬರೇ ಆಡೋದು ಸುಲಭ, ಜೊತೆಗೆ ಆಡೋದು ಬೇರೆ ಕಥೆ

ವಿಡಿಯೊ ನೋಡೋಕೆ ಟೈಮ್ ಇಲ್ಲದವರಿಗೆ, ಲೋಕಲ್‌ನಲ್ಲಿ ನಿಂತುಕೊಂಡೇ ಓದುವವರಿಗೆ, ಇದು ನನ್ನ ಮಾತಿನ ಬರಹ ರೂಪ. ತಡವರಿಸಿದ ಕಡೆ ಸ್ವಲ್ಪ ಕತ್ತರಿ ಹಾಕಿದ್ದೇನೆ, ಉಳಿದಿದ್ದು ಮಾತಾಡಿದ ಹಾಗೇ ಇದೆ.

ಹೋದ ತಿಂಗಳು ಡೊಂಬಿವಲಿಯಲ್ಲಿ ಕನ್ನಡ ಸಂಘದ ಕಾರ್ಯಕ್ರಮ ಮುಗಿಸಿ ಹೊರಗೆ ಬರ್ತಿದ್ದಾಗ ಕಲ್ಯಾಣದ ಒಬ್ಬ ಹುಡುಗ ಸಿಕ್ಕ. ಧಾರವಾಡದ ಕಡೆಯವನು, ನವಿ ಮುಂಬೈಯಲ್ಲಿ ಮೊದಲ ಕೆಲಸ. "ಸರ್, ಮ್ಯಾಕ್ ತಗೋಬೇಕು ಅಂತಿದ್ದೀನಿ. ಗೇಮ್ ಆಡೋಕಾಗುತ್ತಾ?" ಅಂತ ಕೇಳಿದ. "ಆಗುತ್ತೆ" ಅಂದೆ. ಮನೆಗೆ ಬಂದ ಮೇಲೆ ಅನಿಸ್ತು, ನಾನು ಕೊಟ್ಟಿದ್ದು ಅರ್ಧ ಉತ್ತರ. ಉಳಿದರ್ಧ ಇವತ್ತು ಹೇಳ್ತೀನಿ.

ನನ್ನ ಮನೆ ಡೊಂಬಿವಲಿ ಪೂರ್ವ, ಆಫೀಸು ಐರೋಲಿ. ಥಾಣೆವರೆಗೆ ಒಂದು ಲೋಕಲ್, ಅಲ್ಲಿಂದ ಟ್ರಾನ್ಸ್ ಹಾರ್ಬರ್. ಆ ಗರ್ದಿಯಲ್ಲಿ ಎದೆಗೆ ಬ್ಯಾಗ್ ಒತ್ತಿಕೊಂಡು ನಿಂತವರಿಗೆ ಲ್ಯಾಪ್‌ಟಾಪ್‌ನ ಒಂದೊಂದು ನೂರು ಗ್ರಾಂ ಕೂಡ ಲೆಕ್ಕ. ನನ್ನ ಹಳೆಯ ವಿಂಡೋಸ್ ಗೇಮಿಂಗ್ ಲ್ಯಾಪ್‌ಟಾಪ್ ಇಟ್ಟಿಗೆ ಇದ್ದ ಹಾಗೆ ಇತ್ತು, ಚಾರ್ಜರ್ ಇನ್ನೊಂದು ಇಟ್ಟಿಗೆ. ಎರಡು ವರ್ಷದ ಹಿಂದೆ ಅದನ್ನ ಮಾರಿ ಮ್ಯಾಕ್‌ಬುಕ್ ಏರ್ ತಗೊಂಡೆ. ಗೇಮಿಗೆ ಅಂತ ಬೇರೆ ಪಿಸಿ ಇಡೋಣ ಅಂದ್ರೆ ಒಂದು ಬಿಎಚ್‌ಕೆ ಮನೆ. ಟೇಬಲ್ ಹಾಕಿದ್ರೆ ಮಗಳ ಸೈಕಲ್ ಎಲ್ಲಿ ಇಡೋದು?

ಮ್ಯಾಕ್ ಬಂತು, ಬೆನ್ನು ಹಗುರ ಆಯ್ತು. ಆದ್ರೆ ಶನಿವಾರ ರಾತ್ರಿ ಹೋಯ್ತು.

ಅದೇನು ಅಂತ ಹೇಳ್ತೀನಿ. ಹುಬ್ಬಳ್ಳಿಯಲ್ಲಿ ಬಿಇ ಓದುವಾಗ ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ ಲ್ಯಾನ್ ಕೇಬಲ್ ಎಳೆದು ಏಜ್ ಆಫ್ ಎಂಪೈರ್ಸ್ 2 ಆಡ್ತಿದ್ವಿ. ಆಮೇಲೆ ಎಂಟೆಕ್, ಕೆಲಸ, ಮದುವೆ ಅಂತ ಎಲ್ಲರೂ ಚೆದುರಿದ್ವಿ. ಈಗ ಒಬ್ಬ ಬೆಂಗಳೂರು, ಒಬ್ಬ ಪುಣೆ, ನಾನು ಇಲ್ಲಿ, ನಾಲ್ಕನೆಯವನು ಹುಬ್ಬಳ್ಳಿಯಲ್ಲೇ. 2019ರಲ್ಲಿ ಆ ಆಟದ ಡೆಫಿನಿಟಿವ್ ಎಡಿಷನ್ ಬಂತು. ಮುಂದಿನ ವರ್ಷ ಲಾಕ್‌ಡೌನ್‌ನಲ್ಲಿ ಮತ್ತೆ ಶುರು ಮಾಡಿದ್ವಿ. ಶನಿವಾರ ರಾತ್ರಿ ಹತ್ತೂವರೆ, ನಾಲ್ವರೂ ಒಂದೇ ತಂಡ, ಎದುರಿಗೆ ಕಂಪ್ಯೂಟರ್. 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನೋ ಹೊಸ ಭಾಗ ಬಂದಾಗ ದ್ರಾವಿಡಿಯನ್ಸ್ ಯಾರು ಆಡಬೇಕು ಅಂತಲೇ ಅರ್ಧ ಗಂಟೆ ಜಗಳ.

ಹುಬ್ಬಳ್ಳಿಯ ಗೆಳೆಯನ ಅಪ್ಪನಿಗೆ ಮೂರು ವರ್ಷದ ಹಿಂದೆ ಪಾರ್ಶ್ವವಾಯು ಆಯ್ತು. ಅವನು ವರ್ಕ್ ಫ್ರಂ ಹೋಮ್ ತಗೊಂಡು ಅಲ್ಲೇ ಉಳಿದ. ಫೋನ್ ಮಾಡಿದ್ರೆ "ಆರಾಮ ಅದೀನಿ" ಅನ್ನೋದು ಬಿಟ್ಟು ಬೇರೆ ಮಾತಿಲ್ಲ. ಅದೇ ಆಟಕ್ಕೆ ಕೂತ್ರೆ, ಕುರಿ ಹುಡುಕ್ತಾ ಕಟ್ಟಿಗೆ ಕಡೀತಾ, ಫಿಸಿಯೋಥೆರಪಿಯವನು ಬಂದ್ನೋ ಇಲ್ವೋ, ಅಪ್ಪ ಎಷ್ಟು ಹೆಜ್ಜೆ ನಡೆದ್ರು, ಎಲ್ಲ ತಾನಾಗೇ ಹೊರಗೆ ಬರುತ್ತೆ. ನಾನು ಮ್ಯಾಕ್ ತಗೊಂಡ ಮೇಲೆ ಶನಿವಾರ ತಪ್ಪಿಸಿದೆ. ಒಬ್ಬ ತಪ್ಪಿಸಿದ್ರೆ ಇನ್ನೊಬ್ಬನೂ ತಪ್ಪಿಸ್ತಾನೆ. ನಾಲ್ಕು ತಿಂಗಳಲ್ಲಿ ಆಟವೇ ನಿಂತಿತು. ಹಾಗಾಗಿ ನನಗೆ ಇದು ಬರೀ ಟೈಂಪಾಸ್ ವಿಷಯ ಆಗಿರಲಿಲ್ಲ.

ಮೂರು ಭಾಷೆಯ ಸಮಸ್ಯೆ

ಮೊದಲು ಮ್ಯಾಕ್‌ನಲ್ಲಿ ವಿಂಡೋಸ್ ಹಾಕೋದು ಸಲೀಸಿತ್ತು. ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ ಬಂದ 2006ರಲ್ಲೇ ಆಪಲ್ ಬೂಟ್ ಕ್ಯಾಂಪ್ ಕೊಟ್ಟಿತ್ತು. ರಿಸ್ಟಾರ್ಟ್ ಮಾಡಿದ್ರೆ ನಿಜವಾದ ವಿಂಡೋಸ್. 2020ರ ನವೆಂಬರ್‌ನಲ್ಲಿ ಎಂ1 ಚಿಪ್ ಬಂತು. ಆ ಸಾಲಿನ ಚಿಪ್‌ಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ.

ಈಗ ವಿಂಡೋಸ್ ಆಟ ಓಡಬೇಕು ಅಂದ್ರೆ ಮೂರು ಅನುವಾದ ನಡೀಬೇಕು. ನಮ್ಮ ಸ್ಟೇಷನ್‌ನಲ್ಲಿ ಒಂದೇ ಗಾಡಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಅನೌನ್ಸ್‌ಮೆಂಟ್ ಬರುತ್ತಲ್ಲ, ಅಲ್ಲಿ ಒಂದೇ ಮಾತು ಮೂರು ಸಲ. ಇಲ್ಲಿ ಹಾಗಲ್ಲ. ಮೂರು ಬೇರೆ ಬೇರೆ ಮಾತು, ಮೂವರು ಬೇರೆ ಬೇರೆ ದುಭಾಷಿಗಳು.

ಒಂದನೇದು ಚಿಪ್‌ನ ಭಾಷೆ. ಆಟ ಬರೆದಿರೋದು ಇಂಟೆಲ್ ಮಾದರಿಯ ಪ್ರೊಸೆಸರ್‌ಗೆ, ನಮ್ಮ ಮ್ಯಾಕ್‌ನದು ಆರ್ಮ್. ಈ ಅನುವಾದ ಆಪಲ್‌ನದೇ ರೊಸೆಟಾ 2 ಮಾಡುತ್ತೆ.

ಎರಡನೇದು ಆಪರೇಟಿಂಗ್ ಸಿಸ್ಟಂನ ಭಾಷೆ. ಆಟ "ಈ ಫೈಲ್ ತೆಗೆ, ಒಂದು ವಿಂಡೋ ತೋರಿಸು" ಅಂತ ವಿಂಡೋಸ್‌ನ ಕೇಳುತ್ತೆ. ಆದ್ರೆ ಇಲ್ಲಿ ವಿಂಡೋಸೇ ಇಲ್ಲ. ಆ ಜಾಗದಲ್ಲಿ ನಿಂತು ಉತ್ತರ ಕೊಡೋದು ವೈನ್. 1993ರಲ್ಲಿ ಲಿನಕ್ಸ್‌ಗಾಗಿ ಶುರುವಾದ ಪ್ರಾಜೆಕ್ಟ್ ಇದು. 1.0 ಆವೃತ್ತಿ ಬರೋಕೆ 2008 ಆಯ್ತು, ಅಂದ್ರೆ 15 ವರ್ಷ. ಮೈಕ್ರೋಸಾಫ್ಟ್‌ನ ಕೋಡ್ ನೋಡದೆ, ವಿಂಡೋಸ್ ಹೊರಗಿನಿಂದ ಹೇಗೆ ನಡೆದುಕೊಳ್ಳುತ್ತೆ ಅಂತ ಗಮನಿಸಿ ಒಂದೊಂದೇ ಫಂಕ್ಷನ್ ಬರೆದುಕೊಂಡು ಬಂದಿದ್ದಾರೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮೂರನೇದು ಗ್ರಾಫಿಕ್ಸ್ ಭಾಷೆ. ಆಟ ಮಾತಾಡೋದು ಡೈರೆಕ್ಟ್‌ಎಕ್ಸ್, ಮ್ಯಾಕ್‌ಗೆ ಗೊತ್ತಿರೋದು ಮೆಟಲ್. 2023ರ ಜೂನ್‌ನಲ್ಲಿ ಆಪಲ್ ಗೇಮ್ ಪೋರ್ಟಿಂಗ್ ಟೂಲ್‌ಕಿಟ್ ಬಿಡುಗಡೆ ಮಾಡಿತು. ಅದರೊಳಗಿನ ಡಿ3ಡಿಮೆಟಲ್ ಅನ್ನೋ ಭಾಗ ಡೈರೆಕ್ಟ್‌ಎಕ್ಸ್ 11 ಮತ್ತು 12 ಅನ್ನು ನೇರವಾಗಿ ಮೆಟಲ್‌ಗೆ ಬದಲಾಯಿಸುತ್ತೆ. ಮ್ಯಾಕ್‌ನಲ್ಲಿ ಗೇಮಿಂಗ್ ನಿಜವಾಗಿ ಬದಲಾಗಿದ್ದು ಅಲ್ಲಿಂದ.

ಹಾಗಾದ್ರೆ ಏನು ಮಾಡಬೇಕು?

ಮೊದಲು ಆ ಆಟದ ಮ್ಯಾಕ್ ಆವೃತ್ತಿಯೇ ಇದೆಯಾ ನೋಡಿ. ಬಾಲ್ಡರ್ಸ್ ಗೇಟ್ 3, ರೆಸಿಡೆಂಟ್ ಈವಿಲ್ ವಿಲೇಜ್ ಇವೆ. ಸೈಬರ್‌ಪಂಕ್ 2077 ಕೂಡ 2025ರ ಜುಲೈನಲ್ಲಿ ಬಂತು. ಇದ್ರೆ ಮುಂದಿನದು ಯಾವುದೂ ಬೇಡ.

ಇಲ್ಲದಿದ್ರೆ ಕ್ರಾಸ್‌ಓವರ್. ಇದು ವೈನ್ ಮತ್ತು ಡಿ3ಡಿಮೆಟಲ್ ಎರಡನ್ನೂ ಸೇರಿಸಿ ಕೊಡುವ ಅಪ್ಲಿಕೇಶನ್. ದುಡ್ಡು ಕೊಡಬೇಕು, ಆದ್ರೆ 14 ದಿನ ಉಚಿತವಾಗಿ ನೋಡಬಹುದು. ಅದರೊಳಗೆ "ಬಾಟಲ್" ಅಂತ ಒಂದು ಪ್ರತ್ಯೇಕ ವಿಂಡೋಸ್ ಫೋಲ್ಡರ್ ಮಾಡಿ, ವಿಂಡೋಸ್‌ನ ಸ್ಟೀಮ್ ಹಾಕಿ, ಅದರಿಂದ ಆಟ ಇಳಿಸಿಕೊಳ್ಳಿ. ಮ್ಯಾಕ್‌ನ ಸ್ಟೀಮ್‌ನಿಂದ ವಿಂಡೋಸ್ ಆಟ ಇಳಿಯಲ್ಲ, ಇಲ್ಲೇ ತುಂಬಾ ಜನ ಸಿಕ್ಕಿಹಾಕಿಕೊಳ್ತಾರೆ. ಹೊಸದಾಗಿ ಆಟ ಕೊಳ್ಳೋರು ಇನ್ನೊಂದು ಗೊತ್ತಿಟ್ಟುಕೊಳ್ಳಿ: ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತೆ. ಕೊಂಡ ರಾತ್ರಿಯೇ ಓಡಿಸಿ ನೋಡಿ. ವಿಸ್ಕಿ ಅನ್ನೋ ಉಚಿತ ಆ್ಯಪ್ ಬಗ್ಗೆ ಹಳೆಯ ವಿಡಿಯೊಗಳಲ್ಲಿ ಕೇಳಿರ್ತೀರಿ. 2025ರಲ್ಲಿ ಅದರ ಕೆಲಸ ನಿಂತಿದೆ, ಹೊಸಬರು ಅದರ ಹಿಂದೆ ಹೋಗಬೇಡಿ.

ಪ್ಯಾರಲಲ್ಸ್ ಮೂರನೇ ದಾರಿ. ಇದು ಮ್ಯಾಕ್ ಒಳಗೆ ಆರ್ಮ್ ವಿಂಡೋಸ್ 11 ಅನ್ನೇ ಓಡಿಸುತ್ತೆ. ಮೈಕ್ರೋಸಾಫ್ಟ್ 2023ರಲ್ಲಿ ಇದಕ್ಕೆ ಅಧಿಕೃತ ಒಪ್ಪಿಗೆ ಕೊಟ್ಟಿದೆ. ಹಳೆಯ ಆಟಗಳಿಗೆ ಪರವಾಗಿಲ್ಲ. ಡೈರೆಕ್ಟ್‌ಎಕ್ಸ್ 12 ಬೇಕಾದ ಹೊಸ ಆಟಗಳಿಗೆ ಆಗಲ್ಲ. ಜೊತೆಗೆ ಎರಡು ಆಪರೇಟಿಂಗ್ ಸಿಸ್ಟಂ ಒಟ್ಟಿಗೆ ಓಡೋದ್ರಿಂದ 8 ಜಿಬಿ ಮ್ಯಾಕ್‌ನಲ್ಲಿ ಉಸಿರು ಕಟ್ಟುತ್ತೆ.

ಓಡಿತು, ಆದ್ರೆ ಸೇರಲಿಲ್ಲ

ನಾನು ಕ್ರಾಸ್‌ಓವರ್ ಹಾಕಿದೆ. ಏಜ್ ಆಫ್ ಎಂಪೈರ್ಸ್ ಚೆನ್ನಾಗೇ ಓಡಿತು. ಗ್ರೂಪ್‌ನಲ್ಲಿ ಮೆಸೇಜ್ ಹಾಕಿದೆ: "ಶನಿವಾರ ಹತ್ತೂವರೆ." ನಾಲ್ವರೂ ಬಂದ್ರು. ಇಪ್ಪತ್ತು ನಿಮಿಷ ಆಡಿದ್ವಿ. ಪರದೆ ಮೇಲೆ ಬಂತು: ಔಟ್ ಆಫ್ ಸಿಂಕ್. ಆಟ ನಾಲ್ವರಿಗೂ ಮುಗೀತು. ಮತ್ತೆ ಶುರು ಮಾಡಿದ್ವಿ, ಮತ್ತೆ ಅದೇ. ನನ್ನ ಇಂಟರ್‌ನೆಟ್ ಸರಿ ಇಲ್ಲ ಅಂದುಕೊಂಡು ರೌಟರ್ ಪಕ್ಕದಲ್ಲೇ ಹೋಗಿ ಕೂತೆ. ಮೂರು ಶನಿವಾರ ಹೀಗೇ ಆಯ್ತು. ಮೂರನೇ ಸಲ ಹುಬ್ಬಳ್ಳಿಯವನು, "ಬಿಡಪಾ, ಮುಂದಿನ ತಿಂಗಳ ನೋಡೂಣು" ಅಂದ. ಮುಂದಿನ ತಿಂಗಳು ಅಂದ್ರೆ ಏನು ಅಂತ ನನಗೆ ಗೊತ್ತಿತ್ತು.

ತಪ್ಪು ಇಂಟರ್‌ನೆಟ್‌ನದಲ್ಲ. ಈ ಆಟ ನೆಟ್‌ವರ್ಕ್‌ನಲ್ಲಿ ಹೇಗೆ ನಡೆಯುತ್ತೆ ಅಂತ ಓದಿದಾಗ ಅರ್ಥ ಆಯ್ತು. ಮೊದಲ ಏಜ್ ಆಫ್ ಎಂಪೈರ್ಸ್ ಬಂದಿದ್ದು 1997ರಲ್ಲಿ, 28.8 ಕಿಲೋಬಿಟ್ ಮೋಡೆಮ್‌ನ ಕಾಲ. ಎಂಟು ಜನ ಆಡುವಾಗ ಒಬ್ಬೊಬ್ಬ ಸೈನಿಕ ಎಲ್ಲಿದ್ದಾನೆ ಅಂತ ಆ ತಂತಿಯಲ್ಲಿ ಕಳಿಸೋಕೆ ಸಾಧ್ಯವೇ ಇರಲಿಲ್ಲ. 1500 ಬಿಲ್ಲುಗಾರರನ್ನ ಆ ಮೋಡೆಮ್ ಮೇಲೆ ಹೇಗೆ ನಡೆಸಿದ್ವಿ ಅಂತ ಅದನ್ನ ಮಾಡಿದವರೇ 2001ರಲ್ಲಿ ಒಂದು ಲೇಖನ ಬರೆದಿದ್ದಾರೆ. ಅವರ ಉಪಾಯ ಏನಂದ್ರೆ, ಸ್ಥಾನಗಳನ್ನ ಕಳಿಸಲೇಬೇಡಿ, ಆಜ್ಞೆ ಮಾತ್ರ ಕಳಿಸಿ. "ಈ ಹತ್ತು ಜನ ಅಲ್ಲಿಗೆ ಹೋಗಲಿ" ಅನ್ನೋದು ಎಲ್ಲ ಕಂಪ್ಯೂಟರ್‌ಗೂ ತಲುಪುತ್ತೆ. ಆಮೇಲೆ ಪ್ರತಿ ಕಂಪ್ಯೂಟರ್ ತಾನೇ ಪೂರ್ತಿ ಯುದ್ಧದ ಲೆಕ್ಕ ಮಾಡುತ್ತೆ. ನಾಲ್ಕು ಊರಿನಲ್ಲಿ ನಾಲ್ಕು ಯುದ್ಧ ನಡೀತಿರುತ್ತೆ, ನಾಲ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಒಂದೇ ಥರ ಇರಬೇಕು. ಆಗಾಗ ಲೆಕ್ಕ ತಾಳೆ ನೋಡ್ತಾರೆ. ತಾಳೆ ಆಗಲಿಲ್ಲ ಅಂದ್ರೆ ಆಟ ಬಂದ್.

ಈಗ ವೈನ್ ಬಗ್ಗೆ ಹೇಳಿದ ಮಾತು ನೆನಪು ಮಾಡಿಕೊಳ್ಳಿ. ಒಂದೊಂದೇ ಫಂಕ್ಷನ್ ಅವರು ತಾವೇ ಬರೆದದ್ದು. ಗಣಿತದ ಫಂಕ್ಷನ್‌ಗಳೂ ಮೈಕ್ರೋಸಾಫ್ಟ್‌ನವಲ್ಲ. ಕೂಡಿಸು, ಗುಣಿಸು, ಭಾಗಿಸು, ವರ್ಗಮೂಲ, ಇವುಗಳ ಉತ್ತರದ ಕೊನೆಯ ಬಿಟ್‌ವರೆಗೂ ಹೇಗಿರಬೇಕು ಅಂತ ಐಇಇಇ 754 ಮಾನದಂಡ ಕಟ್ಟುನಿಟ್ಟಾಗಿ ಹೇಳುತ್ತೆ. ಸೈನ್, ಕೊಸೈನ್, ಘಾತ ಇಂಥವಕ್ಕೆ ಆ ಕಡ್ಡಾಯ ಇಲ್ಲ. ಮೈಕ್ರೋಸಾಫ್ಟ್‌ನ ಲೈಬ್ರರಿ ಒಂದು ಉತ್ತರ ಕೊಡುತ್ತೆ, ವೈನ್‌ನದು ಹದಿನಾರನೇ ಅಂಕಿಯಲ್ಲಿ ಸ್ವಲ್ಪ ಬೇರೆ ಕೊಡಬಹುದು. ಎರಡೂ ಸರಿಯೇ. ಒಬ್ಬರೇ ಆಡುವಾಗ ಅದು ಯಾರಿಗೂ ಗೊತ್ತಾಗಲ್ಲ. ನಾಲ್ಕು ಜನ ಆಡುವಾಗ ಆ ಒಂದು ಅಂಕಿಯಿಂದ ನನ್ನ ಕುದುರೆ ಸವಾರ ಅವರ ಪರದೆಗಿಂತ ಒಂದು ಎಳೆ ಆಚೆ ನಿಲ್ತಾನೆ, ಅವನ ಏಟು ಬೇರೆಯವನಿಗೆ ಬೀಳುತ್ತೆ, ಇಪ್ಪತ್ತು ನಿಮಿಷದಲ್ಲಿ ಎರಡು ಬೇರೆ ಯುದ್ಧ ಆಗಿರುತ್ತೆ. ಯಾರದೂ ತಪ್ಪಿಲ್ಲ, ಆದ್ರೂ ಜೊತೆಗಿರೋಕೆ ಆಗಲ್ಲ.

ಪರಿಹಾರ ಲಿನಕ್ಸ್‌ನಲ್ಲಿ ಈ ಆಟ ಆಡುವವರಿಗೆ ಆಗಲೇ ಗೊತ್ತಿತ್ತು. ಆ ಗಣಿತ ಇರೋ ಫೈಲ್ ಹೆಸರು ಯುಸಿಆರ್‌ಟಿಬೇಸ್ ಡಿಎಲ್‌ಎಲ್. ಮೈಕ್ರೋಸಾಫ್ಟ್ ತನ್ನ ಸೈಟ್‌ನಲ್ಲೇ ಕೊಡುವ ವಿಷುವಲ್ ಸಿ ಪ್ಲಸ್ ಪ್ಲಸ್ ರಿಡಿಸ್ಟ್ರಿಬ್ಯೂಟಬಲ್ ಪ್ಯಾಕೇಜ್ ಒಳಗೆ ಅಸಲಿ ಫೈಲ್ ಇರುತ್ತೆ. ಅದನ್ನ ಬಿಡಿಸಿ ತೆಗೆದು ಆಟದ ಫೋಲ್ಡರ್‌ಗೆ ಹಾಕಬೇಕು. ಆಮೇಲೆ ಬಾಟಲ್‌ನ ವೈನ್ ಕಾನ್ಫಿಗರೇಶನ್‌ನಲ್ಲಿ ಲೈಬ್ರರೀಸ್ ಟ್ಯಾಬ್‌ಗೆ ಹೋಗಿ ಆ ಒಂದು ಫೈಲ್‌ಗೆ "ನೇಟಿವ್ ಮೊದಲು" ಅಂತ ಆಯ್ಕೆ ಮಾಡಬೇಕು. ಅಷ್ಟೇ. ಡಿಎಲ್‌ಎಲ್ ಫೈಲ್ ಹಂಚುವ ಯಾವುದೋ ಸೈಟ್‌ನಿಂದ ಮಾತ್ರ ಇಳಿಸಬೇಡಿ, ವೈರಸ್ ಜೊತೆಗೆ ಬರಬಹುದು.

ಮಾಡಬಾರದ್ದು ಮೂರು

ಒಂದು, ಆಂಟಿ ಚೀಟ್ ಇರುವ ಆಟಗಳಿಗೆ ಕೈ ಹಾಕುವ ಮುಂಚೆ ವಿಚಾರಿಸಿ. ಉದಾಹರಣೆಗೆ ವ್ಯಾಲೊರಂಟ್‌ನ ವ್ಯಾಂಗಾರ್ಡ್ ವಿಂಡೋಸ್ ಕರ್ನಲ್ ಒಳಗೇ ಕೂರುತ್ತೆ. ಇಲ್ಲಿ ಆ ಕರ್ನಲ್ ಇಲ್ಲವೇ ಇಲ್ಲ, ಹಾಗಾಗಿ ಓಡಲ್ಲ. ತಂತ್ರ ಮಾಡಿ ಓಡಿಸೋಕೆ ಹೋದ್ರೆ ಅಕೌಂಟ್ ಬ್ಯಾನ್ ಆಗುವ ಅಪಾಯ. ನಿಮ್ಮ ಗೆಳೆಯರ ಆಟ ಇಂಥದ್ದಾದ್ರೆ ಮ್ಯಾಕ್ ತಗೋಬೇಡಿ.

ಎರಡು, ಆಫೀಸಿನ ಮ್ಯಾಕ್‌ನಲ್ಲಿ ಮಾಡಬೇಡಿ. ಹಿಂದಿನ ಒಂದು ಕಂಪನಿಯಲ್ಲಿ ನಾನು ಬರೀ ವೈನ್ ಹಾಕಿದ್ದೆ, ಆಟ ಕೂಡ ಇರಲಿಲ್ಲ. ಮರುದಿನ ಸೆಕ್ಯುರಿಟಿ ಟೀಮ್‌ನಿಂದ ಮೇಲ್, ಮ್ಯಾನೇಜರ್‌ಗೆ ಕಾಪಿ. ವಿಂಡೋಸ್ ಎಕ್ಸಿಕ್ಯೂಟಬಲ್ ಯಾಕೆ ಓಡ್ತಿದೆ ಅಂತ ವಿವರಿಸೋಕೆ ಹೋಗಿ ಬೆವರಿಳಿದಿತ್ತು.

ಮೂರು, ಇದು ಶಾಶ್ವತ ಅಂದುಕೊಳ್ಳಬೇಡಿ. ರೊಸೆಟಾ 2 ಪೂರ್ತಿಯಾಗಿ ಸಿಗೋದು ಮ್ಯಾಕ್‌ಒಎಸ್ 27ರವರೆಗೆ, ಅದಾದ ಮೇಲೆ ಹಳೆಯ ಕೆಲವು ಆಟಗಳಿಗಾಗಿ ಒಂದು ಭಾಗ ಮಾತ್ರ ಉಳಿಯುತ್ತೆ ಅಂತ ಆಪಲ್ 2025ರ ಜೂನ್‌ನಲ್ಲಿ ಹೇಳಿದೆ. ಆಟಕ್ಕೇ ಅಂತ ಮ್ಯಾಕ್ ಕೊಳ್ಳೋರು ಇದನ್ನ ಲೆಕ್ಕಕ್ಕೆ ತಗೊಳ್ಳಿ. ನನ್ನ ಏರ್‌ನಲ್ಲಿ ಫ್ಯಾನ್ ಇಲ್ಲ, ಮೇ ತಿಂಗಳ ಡೊಂಬಿವಲಿಯಲ್ಲಿ ಅರ್ಧ ಗಂಟೆ ಆದ ಮೇಲೆ ಆಟ ನಿಧಾನ ಆಗುತ್ತೆ. ಗ್ರಾಫಿಕ್ಸ್ ಕಡಿಮೆ ಮಾಡಿ, ಸೀಲಿಂಗ್ ಫ್ಯಾನ್ ಕೆಳಗೆ ಕೂತು ಆಡ್ತೀನಿ.

ಹಾಗಾಗಿ ಕಲ್ಯಾಣದ ಹುಡುಗನಿಗೆ ನನ್ನ ಪೂರ್ತಿ ಉತ್ತರ: "ಗೇಮ್ ಓಡುತ್ತಾ" ಅಂತ ಕೇಳಬೇಡ, "ಯಾರ ಜೊತೆ, ಯಾವ ಗೇಮ್" ಅಂತ ಮೊದಲು ನೀನೇ ಕೇಳಿಕೋ. ಒಬ್ಬನೇ ಆಡೋನಾದ್ರೆ ಧೈರ್ಯವಾಗಿ ತಗೋ. ಗೆಳೆಯರ ಜೊತೆಗಾದ್ರೆ, 14 ದಿನದ ಟ್ರಯಲ್‌ನಲ್ಲಿ ಅವರನ್ನೂ ಕೂರಿಸಿಕೊಂಡು ಒಂದು ಪೂರ್ತಿ ಆಟ ಮುಗಿಸಿ ನೋಡು. ಮೆನು ತೆರೆದುಕೊಂಡಿತು ಅಂತ ಖುಷಿಯಾಗಿ ದುಡ್ಡು ಕಟ್ಟಬೇಡ.

ಆ ಫೈಲ್ ಹಾಕಿದ ಶನಿವಾರ ನಾವು ಒಂದು ಗಂಟೆ ಇಪ್ಪತ್ತು ನಿಮಿಷ ಆಡಿದ್ವಿ. ಒಂದು ಸಲವೂ ನಿಲ್ಲಲಿಲ್ಲ. ಸೋತ್ವಿ, ಅದು ಬೇರೆ ವಿಷಯ. ಎಲ್ಲ ಮುಗಿದು ಇನ್ನೇನು ಹೆಡ್‌ಫೋನ್ ತೆಗೀಬೇಕು ಅನ್ನುವಾಗ ಹುಬ್ಬಳ್ಳಿಯವನು ಹೇಳಿದ: "ಅಪ್ಪ ಇವತ್ತ ಬಾತ್‌ರೂಮ್ ತನಕ ಒಬ್ಬರ ನಡದ್ರಪಾ." ಹನ್ನೆರಡು ಗಂಟೆಯಾಗಿತ್ತು. ಮತ್ತೆ ಅರ್ಧ ಗಂಟೆ ಮಾತಾಡಿದ್ವಿ.

ನಿಮ್ಮ ಆಟ ಯಾವುದು, ಯಾವ ಮ್ಯಾಕ್, ಎಲ್ಲಿ ಸಿಕ್ಕಿಕೊಂಡಿದೆ ಅಂತ ಕಮೆಂಟಿನಲ್ಲಿ ಬರೀರಿ. ಗೊತ್ತಿದ್ದಷ್ಟು ಹೇಳ್ತೀನಿ. ಶನಿವಾರ ಹತ್ತೂವರೆ ಮೇಲೆ ಮಾತ್ರ ಉತ್ತರ ಬರಲ್ಲ.