ಕೌಂಟರಿನ ಆಚೆ ಕೂರುವವರಿಗೆ



ಪದವಿ ಪಡೆಯುತ್ತಿರುವವರಿಗೆ ಇಂದು ಏನು ಮಾತಾಡುತ್ತೀರಿ ಎಂದು ನಿಮ್ಮ ಪ್ರಾಂಶುಪಾಲರು ಫೋನಿನಲ್ಲಿ ಕೇಳಿದ್ದರು. ಮಕ್ಕಳ ಪಾಲನೆಯ ಕಾನೂನು ಎಂದೆ. ತುಂಬಾ ಒಳ್ಳೆಯದು ಎಂದರು. ಯಾರ ಮಕ್ಕಳು ಎಂದು ಅವರು ಕೇಳಲಿಲ್ಲ. ಕೇಳದ್ದಕ್ಕೆ ಉತ್ತರ ಹೇಳಬಾರದು ಎಂಬುದು ವಕೀಲರ ಅಭ್ಯಾಸ, ನಾನೂ ಸುಮ್ಮನಿದ್ದೆ. ಈಗ ಹೇಳಿಬಿಡುತ್ತೇನೆ. ಇಬ್ಬರು ಅಮ್ಮಂದಿರಿರುವ ಮಕ್ಕಳು, ಇಬ್ಬರು ಅಪ್ಪಂದಿರಿರುವ ಮಕ್ಕಳು, ತಿರುನಂಗೈ, ಅಂದರೆ ಟ್ರಾನ್ಸ್ ಮಹಿಳೆಯಾದ ತಾಯಿಯ ಮಕ್ಕಳು. ಜೊತೆಗೆ, ಹಿರಿಯರು ನೋಡಿದ ಹುಡುಗಿಯನ್ನು ಮದುವೆಯಾಗಿ, ಎರಡು ಮಕ್ಕಳಾದ ಮೇಲೂ ತಾನು ಸಲಿಂಗಿ ಎಂದು ಮನೆಯಲ್ಲಿ ಬಾಯಿಬಿಡಲಾಗದ ಅಪ್ಪನ ಮಕ್ಕಳು. ಈ ಕೊನೆಯವರೇ ನಮ್ಮಲ್ಲಿ ಹೆಚ್ಚು ಎಂಬುದು ನನ್ನ ಅನಿಸಿಕೆ. ಅವರ ಲೆಕ್ಕವನ್ನು ಯಾವ ಜನಗಣತಿಯೂ ತೆಗೆಯುವುದಿಲ್ಲ.

ಚೆನ್ನೈಯ ಸೌಕಾರ್‌ಪೇಟೆಯಂಥ ಕುಟುಂಬಸ್ಥರ ಬೀದಿಯಲ್ಲಿ ಇದೆಲ್ಲ ಬೇಕಿತ್ತೇ ಎಂದು ಕೆಲವರಿಗೆ ಅನಿಸಿರಬಹುದು. ಇಲ್ಲೇ ಬೇಕು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಮಿಂಟ್ ಸ್ಟ್ರೀಟಿನ ಅಂಗಡಿಯಲ್ಲಿ ಹಿಂದಿ ಆಡಿಕೊಂಡು ಬೆಳೆದವರು ನೀವು. ಇಲ್ಲಿಂದ ನಡೆದೇ ಹೋಗಬಹುದಾದ ಮದ್ರಾಸ್ ಹೈಕೋರ್ಟಿನ ಕೆಂಪು ಕಟ್ಟಡದಲ್ಲಿ ಈ ಕುಟುಂಬಗಳ ವಿಚಾರಣೆ ಹೇಗೆ ನಡೆಯಿತೆಂಬುದು ನಿಮಗೆ ತಿಳಿದಿರಬೇಕು.

2021ರಲ್ಲಿ ಮಧುರೈನಿಂದ ಚೆನ್ನೈಗೆ ಓಡಿಬಂದ, ಪರಸ್ಪರ ಪ್ರೀತಿಸಿದ ಇಬ್ಬರು ಯುವತಿಯರು ರಕ್ಷಣೆ ಕೇಳಿ ಕೋರ್ಟಿಗೆ ಹೋದರು. ಪ್ರಕರಣ ಬಂದದ್ದು ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ. ಈ ವಿಷಯ ತಮಗೇ ಸರಿಯಾಗಿ ಅರ್ಥವಾಗಿಲ್ಲ ಎಂದು ಅವರು ಒಪ್ಪಿಕೊಂಡರು. ತಾವೇ ಒಬ್ಬ ಮನಶ್ಶಾಸ್ತ್ರಜ್ಞರ ಮುಂದೆ ಕುಳಿತು ಕೇಳಿ, ಕಲಿತು, ಆಮೇಲೆ ಆದೇಶ ಬರೆದರು. ಲೈಂಗಿಕತೆಯನ್ನು ‘ಬದಲಾಯಿಸುವ’ ಚಿಕಿತ್ಸೆಗೆ ತಡೆ ಬಿತ್ತು. ಮರುವರ್ಷ ತಮಿಳುನಾಡು ಸರ್ಕಾರ ಪೊಲೀಸರ ನಡತೆ ನಿಯಮಗಳಲ್ಲೇ ಸಲಿಂಗಿ, ಟ್ರಾನ್ಸ್ ಸಮುದಾಯಕ್ಕೆ ಕಿರುಕುಳ ಕೊಡಬಾರದೆಂದು ಸೇರಿಸಿತು. ಅಧಿಕಾರದಲ್ಲಿರುವವರು ಗೊತ್ತಿಲ್ಲ ಎಂದು ಹೇಳಿ ಕಲಿಯಲು ಕೂರುವುದನ್ನು ನನ್ನ ವೃತ್ತಿಯಲ್ಲಿ ನಾನು ಬಹಳ ಕಡಿಮೆ ಕಂಡಿದ್ದೇನೆ.

2025ರ ಮೇ ತಿಂಗಳಲ್ಲಿ ಅದೇ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ಸಂಗಾತಿಯಾದ ಗೆಳತಿಯಿಂದ ದೂರಮಾಡಿ ತವರಿನವರು ಕೂಡಿಹಾಕಿದ್ದ ಯುವತಿಯೊಬ್ಬಳನ್ನು ಬಿಡುಗಡೆ ಮಾಡಿತು. ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ, ಆರಿಸಿಕೊಂಡ ಕುಟುಂಬವೂ ಕುಟುಂಬವೇ ಎಂದಿತು. ಎಲ್ಲ ತಾಯಂದಿರೂ ಲೀಲಾ ಸೇಠ್ ಆಗಲಾರರು ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ಲೇಖಕ ವಿಕ್ರಮ್ ಸೇಠ್ ಅವರ ತಾಯಿ, ನ್ಯಾಯಾಧೀಶೆಯಾಗಿದ್ದ ಲೀಲಾ ಸೇಠ್ ಸಲಿಂಗಿ ಮಗನ ಪರವಾಗಿ ಬಹಿರಂಗವಾಗಿ ನಿಂತವರು.

ತೀರ್ಪಿಗೆ ಕಾಯದೆ ತಾಯಂದಿರಾದವರೂ ಇದ್ದಾರೆ. ಇದೇ ಚೆನ್ನೈಯ ನೂರಿ ಅಮ್ಮ, ತಿರುನಂಗೈ, ಎಚ್‌ಐವಿಯೊಂದಿಗೆ ಬದುಕುತ್ತಿರುವವರು. ಅದೇ ಕಾಯಿಲೆಗೆ ಬಲಿಯಾದ ಸೆಲ್ವಿ, ಇಂದಿರಾ, ಪಳನಿ ಎಂಬ ಗೆಳತಿಯರ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ಎಸ್‌ಐಪಿ ಟ್ರಸ್ಟ್ ಕಟ್ಟಿ, ಎಚ್‌ಐವಿ ಇರುವ ಮಕ್ಕಳನ್ನು ಸಾಕಿದರು. ನಮ್ಮ ಬೆಂಗಳೂರಿನ ಟ್ರಾನ್ಸ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ, 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದವರು, ಮಗನೊಬ್ಬನನ್ನು ಬೆಳೆಸುತ್ತಿದ್ದಾರೆ. ಮನೆಯಿಂದ ಹೊರಬಿದ್ದ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿಯನ್ನು ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿ ತಮ್ಮ ಮಡಿಲಿಗೆ ಹಾಕಿಕೊಂಡು ಕಲೆ ಕಲಿಸದಿದ್ದರೆ ಕರ್ನಾಟಕ ಜಾನಪದ ಅಕಾಡೆಮಿಗೆ ಅಂಥ ಅಧ್ಯಕ್ಷೆ ಸಿಗುತ್ತಿರಲಿಲ್ಲ.

ಕಾನೂನಿನ ಪುಟದಲ್ಲಿ ಮಾತ್ರ ಈ ಮನೆ ಅರ್ಧವೇ ಇದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸಲಿಂಗ ವಿವಾಹದ ಮಾನ್ಯತೆಯನ್ನು ಸಂಸತ್ತಿಗೇ ಬಿಟ್ಟಿತು. ದತ್ತು ವಿಷಯದಲ್ಲಿ ಐವರಲ್ಲಿ ಮೂವರು ಬೇಡ ಎಂದರು, ಇಬ್ಬರು ಬೇಕು ಎಂದರು. ಹಾಗಾಗಿ ಇಬ್ಬರು ಹೆಂಗಸರು ಜೊತೆಯಾಗಿ ದತ್ತು ತೆಗೆದುಕೊಳ್ಳುವಂತಿಲ್ಲ. ಅವರಲ್ಲೊಬ್ಬಳು ಒಂಟಿ ಹೆಣ್ಣಾಗಿ ತೆಗೆದುಕೊಳ್ಳಬಹುದು. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. ಬಾಡಿಗೆ ತಾಯ್ತನದ 2021ರ ಕಾಯ್ದೆಯಲ್ಲಂತೂ ಸಲಿಂಗಿ ಜೋಡಿಗಳಿಗೆ ಬಾಗಿಲೇ ಇಲ್ಲ.

ಇದರ ಪರಿಣಾಮ ಏನೆಂದು ನನ್ನ ಕಕ್ಷಿದಾರರೊಬ್ಬರ ಮನೆಯಲ್ಲಿ ನೋಡಿದೆ. ಮಗುವನ್ನು ದತ್ತು ಪಡೆದವಳು ಒಬ್ಬಳು, ಬೆಳಿಗ್ಗೆ ಎಬ್ಬಿಸಿ, ಜಡೆ ಹಾಕಿ, ಡಬ್ಬಿ ಕಟ್ಟುವವಳು ಇನ್ನೊಬ್ಬಳು. ಒಂದು ಮಧ್ಯಾಹ್ನ ಶಾಲೆಯಲ್ಲಿ ಮಗುವಿಗೆ ಜ್ವರ ಬಂತು. ದತ್ತು ತಾಯಿ ಊರಲ್ಲಿರಲಿಲ್ಲ. ಡಬ್ಬಿಯ ಅಮ್ಮ ಆಟೋ ಹಿಡಿದು ಓಡಿದಳು. ನೀವು ಯಾರು ಎಂದರು ಆಫೀಸಿನವರು. ಅಮ್ಮ ಎಂದಳು. ಅಮ್ಮನ ಹೆಸರು ಬೇರೆ ಇದೆಯಲ್ಲ ಎಂದರು. ಆಗ ಆಂಟಿ ಎಂದಳು. ಆಂಟಿಯ ಕೈಗೆ ಮಗು ಕೊಡುವಂತಿಲ್ಲ ಎಂದರು. ಅವರ ಮೇಲೂ ಸಿಟ್ಟು ಮಾಡುವಂತಿಲ್ಲ, ಮಗುವಿನ ಸುರಕ್ಷತೆಗೆಂದೇ ಇರುವ ನಿಯಮ ಅದು. ಆದರೆ ಬೆಂಚಿನ ಮೇಲೆ ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಆರು ವರ್ಷದ ಹುಡುಗಿ ಅವತ್ತಿನಿಂದ ಶಾಲೆಯಲ್ಲಿ ಆಕೆಯನ್ನು ಅಮ್ಮ ಎನ್ನುವುದನ್ನು ಬಿಟ್ಟಳು. ಮನೆಗೆ ಬಂದರೆ ಅಮ್ಮ, ಗೇಟಿನ ಹೊರಗೆ ಆಂಟಿ. ಯಾರೂ ಅವಳಿಗೆ ಹೀಗೆ ಮಾಡೆಂದು ಹೇಳಿರಲಿಲ್ಲ.

ಇನ್ನು ಕೆಲವೇ ತಿಂಗಳಲ್ಲಿ ಆ ಕೌಂಟರಿನ ಆಚೆ ಕೂರುವವರು ನೀವೇ. ಬಿ.ಎಡ್. ಮುಗಿಸಿದವರೇ, ಮಗುವನ್ನು ಯಾರ ಕೈಗೆ ಕೊಡಬಹುದೆಂದು ದತ್ತು ತಾಯಿ ಒಂದು ಕಾಗದ ಬರೆದುಕೊಟ್ಟರೆ ಸಾಕಿತ್ತು, ಅದನ್ನು ಪ್ರವೇಶದ ದಿನವೇ ಕೇಳಿ ಪಡೆಯಿರಿ. ಅಪ್ಪನ ಹೆಸರಿಲ್ಲದೆಯೂ ತಾಯಿ ಪೋಷಕಿಯಾಗಬಹುದೆಂದು ಸುಪ್ರೀಂ ಕೋರ್ಟು 2015ರಲ್ಲೇ ಹೇಳಿದೆ. ಪಾಸ್‌ಪೋರ್ಟಿಗೂ 2016ರಿಂದ ಒಬ್ಬರ ಹೆಸರು ಸಾಕು. ಬ್ಯಾಂಕಿಗೆ ಹೋಗುವವರೇ, ಸಲಿಂಗಿ ಜೋಡಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಮ್ಯಾನೇಜರನ್ನು ಕೇಳಿ ಬರುತ್ತೇನೆ ಎಂದು ಅವರನ್ನು ಒಂದು ಗಂಟೆ ನಿಲ್ಲಿಸಬೇಡಿ. ರೇಷನ್ ಕಾರ್ಡಿನಲ್ಲೂ ಅವರು ಒಂದೇ ಮನೆಯವರು. ಕಚೇರಿಯಲ್ಲಿ ರಜೆಯ ಫೈಲು ನೋಡುವವರೇ, 2022ರ ಒಂದು ಪ್ರಕರಣ ನೆನಪಿರಲಿ. ಗಂಡನ ಮೊದಲ ಮದುವೆಯ ಮಕ್ಕಳಿಗೆ ರಜೆ ಹಾಕಿದ್ದೀರಲ್ಲ ಎಂದು ಚಂಡೀಗಢದ ನರ್ಸೊಬ್ಬರಿಗೆ ಸ್ವಂತ ಹೆರಿಗೆಯ ರಜೆ ಸಿಗಲಿಲ್ಲ. ಸುಪ್ರೀಂ ಕೋರ್ಟು ರಜೆ ಕೊಡಿಸಿತು. ಸಲಿಂಗಿಗಳ ಮನೆಯೂ ಸೇರಿ ಕುಟುಂಬ ಹಲವು ಬಗೆಯದೆಂದು ಹೇಳಿದ್ದು ಅದೇ ತೀರ್ಪಿನಲ್ಲಿ.

ಇಂಥ ಮನೆಯಲ್ಲಿ ಮಕ್ಕಳು ಕೆಡುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾನೆಟ್ ಗಾರ್ಟ್ರೆಲ್ ಎಂಬ ಅಮೆರಿಕದ ಮನೋವೈದ್ಯೆ 1986ರಿಂದ ಸಲಿಂಗಿ ತಾಯಂದಿರ ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿ ಅಧ್ಯಯನ ಮಾಡಿದ್ದಾರೆ. ಹದಿನೇಳರ ವಯಸ್ಸಿಗೆ ಆ ಮಕ್ಕಳು ಚೆನ್ನಾಗಿಯೇ ಇದ್ದರು. ಆ ದೇಶದಲ್ಲಿ 1990ರಿಂದ ಇಂಥ ಮನೆಗಳ ಮಕ್ಕಳದೇ ಒಂದು ಸಂಘಟನೆಯಿದೆ, ಕೊಲಾಜ್ ಎಂದು. ನಮ್ಮಲ್ಲಿ ಅಂಥದ್ದು ಕಾಣೆ. ಸಲಿಂಗಿಗಳ ಜೊತೆ ನಿಲ್ಲುವ ಚೆನ್ನೈಯ ಓರಿನಂ, ತಂದೆತಾಯಿಗಳ ಸ್ವೀಕಾರ್ ಬಳಗ ಒಳ್ಳೆಯ ಕೆಲಸ ಮಾಡುತ್ತಿವೆ. ಆದರೆ ಸ್ವೀಕಾರ್‌ಗೆ ಬರುವವರು ಸಲಿಂಗಿ ಮಕ್ಕಳನ್ನು ಅರ್ಥಮಾಡಿಕೊಳ್ಳಲು ಹೆಣಗುವ ಹಿರಿಯರು. ಹನ್ನೆರಡು ವರ್ಷದವನೊಬ್ಬ ನನ್ನ ಅಪ್ಪನ ಬಗ್ಗೆ ಮಾತಾಡಬೇಕು ಎಂದು ಬಂದರೆ ಕೂರಿಸಿಕೊಂಡು ಕೇಳುವವರು ಬೇಕು. ಸಮಾಜಕಾರ್ಯ ಓದಿದವರೇ, ಆ ಕೆಲಸ ನಿಮಗೆ ಕಾದಿದೆ. ಸಂಬಳ ಹೆಚ್ಚಿರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಪ್ರಾಂಶುಪಾಲರೇ, ನಿಮ್ಮಲ್ಲೊಂದು ಕೋರಿಕೆ. ಕೇರಳದಲ್ಲಿ ಟ್ರಾನ್ಸ್ ದಂಪತಿಯ ಮಗುವಿನ ಜನನ ಪತ್ರದಲ್ಲಿ ತಂದೆ, ತಾಯಿ ಎಂದಿದ್ದ ಜಾಗದಲ್ಲಿ ‘ಪೋಷಕರು’ ಎಂದು ನಮೂದಿಸಲು ಅಲ್ಲಿನ ಹೈಕೋರ್ಟು 2025ರ ಜೂನಿನಲ್ಲಿ ಹೇಳಬೇಕಾಯಿತು. ನಿಮ್ಮ ಪ್ರವೇಶ ಅರ್ಜಿಯನ್ನು ಬದಲಾಯಿಸಲು ಯಾವ ಕೋರ್ಟೂ ಬೇಕಿಲ್ಲ. ಹಳೆಯ ಅರ್ಜಿಗಳು ಕಟ್ಟುಗಟ್ಟಲೆ ಮಿಕ್ಕಿವೆ ಎಂದು ಗುಮಾಸ್ತರು ಹೇಳುವುದು ನನಗೆ ಈಗಲೇ ಕೇಳಿಸುತ್ತಿದೆ. ಆಂಡರ್ಸನ್ ಸ್ಟ್ರೀಟಿನ ಕಾಗದದಂಗಡಿ ಇಲ್ಲೇ ಪಕ್ಕದಲ್ಲಿದೆ, ಮೊದಲ ರೀಮಿನ ಬಿಲ್ಲು ನನ್ನ ಹೆಸರಿಗೆ ಬರಲಿ.