ಮಕ್ಕಳಿಗೆ ಅಪಘಾತವಾದರೆ: ಹೊಣೆ ಯಾರದು, ಪರಿಹಾರ ಹೇಗೆ?

(ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ನಮ್ಮ ಊರುಗಳ ರಸ್ತೆಯನ್ನು ನೋಡಿರಿ. ಒಬ್ಬ ಹುಡುಗ ಕ್ಯಾನು ಹಿಡಿದು ನಡೆದಿರುತ್ತಾನೆ, ಇನ್ನೊಬ್ಬ ಅಪ್ಪನ ಬೈಕ್ ಓಡಿಸುತ್ತಿರುತ್ತಾನೆ, ಮತ್ತೊಬ್ಬ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತಿರುತ್ತಾನೆ. ಇವರಲ್ಲಿ ಯಾರಿಗಾದರೂ ಪೆಟ್ಟಾದರೆ ಮುಂದೇನು?

ಮೊದಲನೆಯ ಮಾತು, ಅವಸರದ ರಾಜಿ ಬೇಡ. ಹಿರಿಯರ ಮುಂದೆ ಹತ್ತು ಸಾವಿರ ಕೊಟ್ಟು ಕಾಗದ ಬರೆಸಿಕೊಳ್ಳುವ ರೂಢಿ ಇದೆ. ಆದರೆ ಮೂಳೆ ಕೂಡಿದ ಮೇಲೂ ಕಾಲು ಗಿಡ್ಡಾಗಿದೆ ಎಂಬುದು ಎಷ್ಟೋ ಸಲ ತಡವಾಗಿ ತಿಳಿಯುತ್ತದೆ. ಪರಿಹಾರ ಮಗುವಿನ ಹಕ್ಕು. ದಾವೆ ಕೋರ್ಟಿನಲ್ಲಿರುವಾಗ ಕೋರ್ಟಿನ ಅನುಮತಿ ಇಲ್ಲದೆ ತಂದೆತಾಯಿ ಕೂಡ ಮಗುವಿನ ಪರವಾಗಿ ರಾಜಿಯಾಗುವಂತಿಲ್ಲ.

ಎರಡನೆಯದು, ಪರಿಹಾರದ ಮೊತ್ತ. 2013ರಲ್ಲಿ ನಮ್ಮ ರಾಜ್ಯದ ಬಾಲಕನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಅಳತೆ ಹಾಕಿಕೊಟ್ಟಿತು. ಶಾಶ್ವತ ಅಂಗವಿಕಲತೆ ಶೇ. 10ರವರೆಗಿದ್ದರೆ 1 ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4 ಲಕ್ಷ, 90ರವರೆಗೆ 5 ಲಕ್ಷ, ಅದಕ್ಕೂ ಮೇಲ್ಪಟ್ಟರೆ 6 ಲಕ್ಷ ರೂಪಾಯಿ. ಔಷಧೋಪಚಾರದ ಖರ್ಚು ಬೇರೆ. ಆಮೇಲಿನ ತೀರ್ಪುಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು ಸಿಕ್ಕಿದ್ದೂ ಇದೆ. ದುಡಿಯದ ಮಗುವಿಗೂ ಕುಶಲ ಕಾರ್ಮಿಕನ ಕನಿಷ್ಠ ಕೂಲಿಯನ್ನು ಆದಾಯವೆಂದು ಹಿಡಿಯಬೇಕೆಂದು 2025ರಲ್ಲಿ ಅದೇ ಕೋರ್ಟು ಹೇಳಿದೆ.

ಮೂರನೆಯದು, ಮಾಡಬೇಕಾದ ಕೆಲಸ. ಕೂಡಲೇ ಪೊಲೀಸ್ ಠಾಣೆಗೆ ದೂರು ಕೊಟ್ಟು ಪ್ರತಿ ಪಡೆಯಿರಿ. ಆಸ್ಪತ್ರೆಯ ಕಾಗದ, ಔಷಧದ ಬಿಲ್ಲು, ಜನನ ಪ್ರಮಾಣಪತ್ರ, ಅಂಗವಿಕಲತೆಯ ಪ್ರಮಾಣಪತ್ರ ಜೋಪಾನ ಮಾಡಿರಿ. ಅಪಘಾತ ಬೇರೆ ಜಿಲ್ಲೆಯಲ್ಲಿ ಆಗಿದ್ದರೂ ನೀವು ವಾಸಿಸುವ ಪ್ರದೇಶದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಇದಕ್ಕೆ ಆರು ತಿಂಗಳ ಗಡುವು ಬಂದಿದೆ. ಈ ಗಡುವಿನ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆಯಾದರೂ ಅದನ್ನು ನಂಬಿ ತಡ ಮಾಡಬೇಡಿರಿ. ವಕೀಲರ ಫೀಗೆ ಅಂಜುವುದು ಬೇಡ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿರಿ, ಅಥವಾ 15100ಕ್ಕೆ ಫೋನು ಮಾಡಿರಿ.

ಕೊನೆಯದು ನಮ್ಮದೇ ಹೊಣೆ. ಟ್ರ್ಯಾಕ್ಟರಿನಲ್ಲಿ ಚಾಲಕನಿಗೆ ಮಾತ್ರ ಆಸನ. ಮಡ್‌ಗಾರ್ಡ್ ಮೇಲಿದ್ದ ಮಗು ಬಿದ್ದರೆ ವಿಮಾ ಕಂಪನಿ ಹೊಣೆ ಒಪ್ಪುವುದಿಲ್ಲ. ಹಲವು ತೀರ್ಪುಗಳಲ್ಲಿ ಹಣ ಕಟ್ಟುವ ಭಾರ ಮಾಲೀಕನ ಮೇಲೆಯೇ ಬಿದ್ದಿದೆ. ಆ ಮಾಲೀಕ ನಮ್ಮ ಸದಸ್ಯನೇ ಆಗಿರಬಹುದು, ಮಾರಬೇಕಾದದ್ದು ಅವನ ಹೊಲವೇ ಆಗಬಹುದು. ಇನ್ನು ಹದಿನೆಂಟು ತುಂಬದ ಮಗನ ಕೈಗೆ ಬೈಕ್ ಕೊಟ್ಟು ಅವನಿಂದ ಅಪರಾಧವಾದರೆ, 2019ರ ತಿದ್ದುಪಡಿಯಂತೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.

ಹಾಲು ಒಂದು ಹೊತ್ತು ತಡವಾದರೆ ಹೋಗುವುದು ಆ ಹೊತ್ತಿನ ಹಣ ಮಾತ್ರ. ಮಗುವಿನ ಕೈಕಾಲಿಗೆ ಯಾವ ಕೋರ್ಟೂ ಪೂರ್ತಿ ಬೆಲೆ ಕಟ್ಟಲಾರದು.